ಮೀನಿಗೊಂದು ಕೋಲು

ಕೆಂಗಲ್ಲುಪುರದ ಪಾಳೆಯಗಾರ ಹಿರೇರಂಗನಾಯಕರಿಗೆ ಆನೆ, ಕುದುರೆ, ಯುದ್ಧ ಯಾವುದರ ಹುಚ್ಚೂ ಇರಲಿಲ್ಲ. ಇದ್ದದ್ದು ಗಾಳ ಹಾಕಿ ಮೀನು ಹಿಡಿಯುವ ಹುಚ್ಚು. ಅರಮನೆಯ ಹಿಂದೆಯೇ ದೊಡ್ಡಕೆರೆ. ಮಂತ್ರಿಗಳು ರಾಜ್ಯದ ಮಾತೆತ್ತಿಕೊಂಡು ದಂಡೆಗೆ ಬಂದರೆ, "ಶ್! ಮೀನು ಬೆದರುತ್ತದೆ" ಎಂದು ಅಲ್ಲಿಂದಲೇ ಅಟ್ಟಿಬಿಡುತ್ತಿದ್ದರು.

ಉರಿಯುವ ಒಲೆಗೆ ತುಪ್ಪ ಸುರಿದಂತೆ ಕಾಳಿಂಗರಾಯನೆಂಬ ಗಾಳದ ಪಂಡಿತ ಎಲ್ಲಿಂದಲೋ ಬಂದಿಳಿದ. ಗಾಡಿಯ ತುಂಬ ಬರೀ ಕೋಲು.

"ಪ್ರಭು, ಎಲ್ಲ ಮೀನನ್ನೂ ಒಂದೇ ಕೋಲಿನಲ್ಲಿ ಹಿಡಿಯುವುದು ಪಾಯಸದ ಸೌಟಿನಲ್ಲೇ ಹುಳಿ ಬಡಿಸಿದ ಹಾಗೆ. ಗೆಂಡೆಮೀನಿಗೆ ಈ ಸಪೂರ ಬೆತ್ತ. ಬಾಳೆಮೀನಿಗೆ ಈ ಗಟ್ಟಿ ಬಿದಿರು. ದೂರ ಎಸೆಯಲು ಇದು, ತಾವರೆ ಎಲೆಗಳ ನಡುವೆ ಇಳಿಬಿಡಲು ಅದು. ಕೂತು ಹಿಡಿಯಲು ಬೇರೆ, ನಿಂತು ಹಿಡಿಯಲು ಬೇರೆ."

"ಒರಗಿಕೊಂಡು ಹಿಡಿಯಲು?" ಆಸ್ಥಾನದ ವಿನೋದಗಾರ ಸಿಂಗಪ್ಪಯ್ಯ ಕೇಳಿದ.

"ಅದೂ ಇದೆ. ಗಾಡಿಯ ತಳದಲ್ಲಿದೆ," ಎಂದ ಕಾಳಿಂಗರಾಯ, ಮುಖ ಒಂದಿಷ್ಟೂ ಸಡಿಲಿಸದೆ.

ಸಭೆಯೆಲ್ಲ ನಕ್ಕಿತು. ನಾಯಕರು ಮಾತ್ರ ನಗಲಿಲ್ಲ. ಮಾರನೆಯ ದಿನವೇ ಡಂಗುರ ಹೊಡೆಸಿದರು: ದೊಡ್ಡಕೆರೆಯಲ್ಲಿ ಆಯಾ ಮೀನನ್ನು ಆಯಾ ಕೋಲಿನಲ್ಲೇ ಹಿಡಿಯತಕ್ಕದ್ದು. ತಪ್ಪಿದವರ ಕೋಲು ಮುರಿದು, ಅವರನ್ನು ಹೊತ್ತು ಮುಳುಗುವವರೆಗೆ ಕುತ್ತಿಗೆಮಟ್ಟದ ನೀರಿನಲ್ಲಿ ನಿಲ್ಲಿಸತಕ್ಕದ್ದು.

ಬೆಸ್ತರ ಕೇರಿಯಲ್ಲಿ ಮನೆಗೆ ಒಂದು ಬಿದಿರು ಇದ್ದರೆ ಅದೇ ಹೆಚ್ಚು.

ಅಂದೇ ಹೊತ್ತು ಮುಳುಗಿದ ಮೇಲೆ ಅದೇ ಕೇರಿಯ ಗಂಗಮಾಳವ್ವ ಸಿಂಗಪ್ಪಯ್ಯನ ಜಗಲಿಯ ಮುಂದೆ ಬಂದು ನಿಂತಳು. ಸೀರೆಯಿಂದ ನೀರು ಸೋರುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಕೈಯಲ್ಲಿ ಮುರಿದ ಬಿದಿರಿನ ತುಂಡು.

"ಗೆಂಡೆ ಹಿಡಿಯೋಕೆ ಹೋದೆ ಬುದ್ಧಿ. ಬಾಳೆಮೀನು ಬಂತು. ನಾನೇನು ಬಾ ಅಂತ ಕರೆದೆನಾ? ಈಗ ಕೋಲೂ ಇಲ್ಲ, ಮೀನೂ ಇಲ್ಲ. ಮನೇಲಿ ಒಲೆ ಹಚ್ಚಿ ಏನು ಬೇಯಿಸ್ಲಿ?"

ಸಿಂಗಪ್ಪಯ್ಯ ಅವಳನ್ನು ಒಳಗೆ ಕರೆದು, ಹೆಂಡತಿಯಿಂದ ಬಿಸಿ ಗಂಜಿ ಕೊಡಿಸಿ, ಒಂದೇ ಒಂದು ಮಾತು ಕೇಳಿದ: "ಆ ಬಾಳೆಮೀನು ಎಲ್ಲಿ ಸಿಕ್ಕಿತು ತಾಯಿ?"

"ಮೆಟ್ಟಿಲ ಪಕ್ಕದ ತಾವರೆ ಬುಡದಲ್ಲಿ. ಇನ್ನೂ ದೊಡ್ಡದು ಅಲ್ಲೇ ಇದೆ."

ಅವನು ನೆಟ್ಟಗೆ ಅರಮನೆಗೆ ನಡೆದ. "ಪ್ರಭು, ಈ ಅಪ್ಪಣೆ ಸರಿಯಿಲ್ಲ."

ನಾಯಕರ ಹುಬ್ಬು ಮೇಲೇರಿತು. "ಹೌದೆ? ಹಾಗಾದರೆ ಅದನ್ನು ನನ್ನ ಬಾಯಿಂದಲೇ ಹೇಳಿಸು. ನಾಳೆ ಸಂಜೆಯೊಳಗೆ ಹೇಳಿಸಿದರೆ ರದ್ದು. ಇಲ್ಲವೋ, ಬೆಸ್ತರ ಕೇರಿಯ ಕೋಲುಗಳನ್ನೆಲ್ಲ ನಿನ್ನ ಕೈಯಿಂದಲೇ ಮುರಿಸುತ್ತೇನೆ."

"ಆಗಲಿ. ಒಂದು ಬಿನ್ನಹ. ನಾಳೆ ಊರವರ ಮುಂದೆ ತಾವೇ ಶಾಸ್ತ್ರೋಕ್ತವಾಗಿ ಗಾಳ ಹಾಕಿ ತೋರಿಸಬೇಕು. ನೋಡಿಯಾದರೂ ಜನ ಕಲಿಯಲಿ."

ನಾಯಕರಿಗೆ ಇದಕ್ಕಿಂತ ಸಿಹಿ ಮಾತು ಬೇರೆ ಯಾವುದಿತ್ತು?

ಮರುದಿನ ಕೆರೆ ಏರಿಯ ತುಂಬ ಜನ. ಸಿಂಗಪ್ಪಯ್ಯ ತಾನೇ ದಿಂಬು ತಂದು ಮೆಟ್ಟಿಲ ಪಕ್ಕದಲ್ಲಿ, ತಾವರೆಗೆ ಒತ್ತಿಕೊಂಡೇ ಹಾಸಿದ.

"ಯಾವ ಮೀನು ಪ್ರಭು? ಜನಕ್ಕೆ ಕೇಳುವಂತೆ ಅಪ್ಪಣೆಯಾಗಲಿ."

"ಗೆಂಡೆ!" ಎಂದು ನಾಯಕರು ಸಾರಿದರು. ಕಾಳಿಂಗರಾಯ ಸಪೂರ ಬೆತ್ತವನ್ನು ಎರಡೂ ಕೈಯಲ್ಲಿ ಒಪ್ಪಿಸಿ, ಕೊಕ್ಕೆಗೆ ಕೊಬ್ಬಿದ ಎರೆಹುಳ ಸಿಕ್ಕಿಸಿದ.

ದಾರಕ್ಕೆ ಕಟ್ಟಿದ ಬೆಂಡು ನೀರಿನ ಮೇಲೆ ತೇಲಿತು. ಒಮ್ಮೆ ಮೆಲ್ಲಗೆ ಕುಣಿಯಿತು. ಸಿಂಗಪ್ಪಯ್ಯ ಮೆಟ್ಟಿಲ ತುದಿಗೆ ಬಗ್ಗಿ ನೋಡಿದ. ಗೆಂಡೆಯೇ ಕಚ್ಚಿಬಿಟ್ಟರೆ? ತನ್ನ ಕೈಯಿಂದಲೇ ಆ ಕೋಲುಗಳನ್ನು ಮುರಿಯುವುದು ಹೇಗೆ? ನಾಯಕರು ಎತ್ತಿ ನೋಡಿದರೆ ಯಾವುದೋ ಮೀನು ಹುಳ ತಿಂದು ಹೋಗಿತ್ತು. ಹೊಸ ಹುಳ ಸಿಕ್ಕಿಸಿ ಮತ್ತೆ ಬಿಟ್ಟರು.

ಈ ಸಲ ಬೆಂಡು ಕುಣಿಯಲಿಲ್ಲ. ಗುಳುಂ ಎಂದು ಕಾಣೆಯಾಯಿತು. ಬೆತ್ತ ಬಿಲ್ಲಿನಂತೆ ಬಾಗಿತು. ನಾಯಕರು ಎದ್ದು ನಿಂತರು. ನೀರಿನಿಂದ ಒಂದು ಅಗಲ ಬಾಯಿ, ಅದರ ಹಿಂದೆ ತೋಳುದ್ದದ ಮೈ ಹೊರಳಿತು.

"ಬಿಡಿ ಪ್ರಭು, ಬಿಟ್ಟುಬಿಡಿ!" ಸಿಂಗಪ್ಪಯ್ಯ ಕೂಗಿದ. "ಅದು ಬಾಳೆಮೀನು! ತಮ್ಮ ಕೈಯಲ್ಲಿರುವುದು ಗೆಂಡೆ ಕೋಲು!"

"ಬಿಡುವುದೆ? ಹುಟ್ಟಿದಾರಭ್ಯ ಇಂಥ ಮೀನು ನೋಡಿಲ್ಲವೋ! ಬಲೆ ತಾ!"

"ಯಾವ ಬಲೆ ಪ್ರಭು? ಗೆಂಡೆಯದೋ, ಬಾಳೆಮೀನಿನದೋ?"

"ನಿನ್ನ ತಲೆಯದು! ತಾರೋ!"

ನಾಯಕರು ಮೆಟ್ಟಿಲಿನಲ್ಲಿ ಜಾರಿದರು, ರುಮಾಲು ನೀರಿಗೆ ಬಿತ್ತು, ಆದರೂ ಕೈ ಬಿಡಲಿಲ್ಲ. ಕೊನೆಗೆ ಮೀನನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದರು.

ಸಿಂಗಪ್ಪಯ್ಯ ನಡು ಬಗ್ಗಿಸಿ ಕೇಳಿದ: "ಕೋಲನ್ನು ನಾನೇ ಮುರಿಯಲೇ ಪ್ರಭು? ನೀರು ತುಂಬ ತಣ್ಣಗಿದೆಯೋ ಏನೋ, ಮುಟ್ಟಿ ನೋಡಿ ಬರಲೇ?"

"ನಾನು ಹಾಕಿದ್ದು ಗೆಂಡೆಗೇ ಕಣಯ್ಯ! ಇದು ಬಂದು ಕಚ್ಚಿದರೆ ನನ್ನ ತಪ್ಪೆ? ನೀರಿನೊಳಗಿರುವ ಮೀನಿಗೆ ಅಪ್ಪಣೆ ಗೊತ್ತಿರುತ್ತದೆಯೆ? ಇದೆಂಥ ಹುಚ್ಚು ಕಟ್ಟಳೆ!"

"ಅಷ್ಟೇ ಪ್ರಭು. ಇದನ್ನು ತಮ್ಮ ಬಾಯಿಂದ ಕೇಳುವುದಿತ್ತು."

ನಾಯಕರು ಮೀನು ಕೈಯಿಂದ ಜಾರುವಷ್ಟು ನಕ್ಕರು. ಅಪ್ಪಣೆ ಅಲ್ಲೇ ರದ್ದಾಯಿತು. ಆ ಮೀನು ಗಂಗಮಾಳವ್ವನ ಮಡಿಲಿಗೆ ಬಿತ್ತು, ಕಾಳಿಂಗರಾಯನ ಗಾಡಿಯಲ್ಲಿದ್ದ ಅತ್ಯುತ್ತಮ ಬಿದಿರು ಅವಳ ಕೈಗೆ ಬಂತು.

ಕಾಳಿಂಗರಾಯ ತಡೆಯಲಾರದೆ ಮುಂದೆ ಬಂದ. "ಪ್ರಭು, ಶಾಸ್ತ್ರದಲ್ಲಿ ದೋಷವಿಲ್ಲ. ದೋಷವೆಲ್ಲ ತಿಳಿವಳಿಕೆಯಿಲ್ಲದ ಆ ಮೀನಿನದು!"

"ನಿಜ," ಎಂದ ಸಿಂಗಪ್ಪಯ್ಯ. "ಪಂಡಿತರು ಕೆರೆಗಿಳಿದು ಮೀನುಗಳಿಗೆ ಪಾಠ ಹೇಳಲಿ. ಹೊತ್ತು ಮುಳುಗುವವರೆಗೆ."

ನಾಯಕರು ತಲೆಯಾಡಿಸಿದ್ದೇ ತಡ, ಪಂಡಿತ ಕುತ್ತಿಗೆಮಟ್ಟದ ನೀರಿನಲ್ಲಿದ್ದ.

ಗಂಗಮಾಳವ್ವ ಹೊಸ ಕೋಲು ಬೀಸಿದಾಗ ಸಿಂಗಪ್ಪಯ್ಯ ದಂಡೆಯಿಂದ ಕೂಗಿದ: "ನೋಡಿ ಹಾಕು ತಾಯಿ! ಪಂಡಿತರೇ ಕಚ್ಚಿಕೊಂಡರೆ ಅವರನ್ನು ಎತ್ತಲು ಯಾವ ಕೋಲು ಅಂತ ಹೇಳುವವರು ದಂಡೆಯ ಮೇಲೆ ಯಾರೂ ಉಳಿದಿಲ್ಲ!"