ಅಡುಗೆಯವನ ಹತ್ತು ವರ್ಷ

“ದನಿ ಇಲ್ಲದ ಬದುಕಿಗೆ ಬೆಲೆ ಎಷ್ಟು, ಬುದ್ಧಿ?”

ಚನ್ನವೀರ ಹೀಗೆ ಕೇಳಿ ಸ್ವಾಮಿಗಳ ಮುಂದೆ ತಲೆ ತಗ್ಗಿಸಿ ಕೂತ. ಅವನ ಅಕ್ಕನ ಗಂಟಲಲ್ಲಿ ಗಂಟು ಬೆಳೆದಿತ್ತು. ತೆಗೆದರೆ ಜೀವ ಉಳಿಯುತ್ತದೆ, ಆದರೆ ಅದರ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಅಕ್ಕ ಮಠದಲ್ಲಿ ವಚನ ಹಾಡುವವಳು. ಅಣ್ಣತಮ್ಮಂದಿರು ಮೂವರೂ ಆಸ್ಪತ್ರೆಯ ಹೊರಗಿನ ಕಟ್ಟೆಯಲ್ಲಿ ಕೂತು ಮಾತಾಡಿಕೊಂಡಿದ್ದರು. ಹಾಡಲಾರದ ಅಕ್ಕ ಇದ್ದೂ ಇಲ್ಲದಂತೆ, ಇರುವಷ್ಟು ದಿನ ಹಾಡಿಕೊಂಡಿರಲಿ ಎಂದು ತೀರ್ಮಾನವಾಗಿತ್ತು. ಆಪರೇಷನ್ ಬೇಡ ಎಂದು ಡಾಕ್ಟರಿಗೆ ತಿಳಿಸುವ ಕೆಲಸ ಚನ್ನವೀರನ ಪಾಲಿಗೆ ಬಂದಿತ್ತು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಸ್ವಾಮಿಗಳು ಬೆಲೆಯ ಮಾತು ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನ ದೇವಸ್ಥಾನದಲ್ಲಿ ಒಬ್ಬ ಅಡುಗೆಯವನಿದ್ದ. ಅವನ ಸಾರು ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿತ್ತು. ದರ್ಶನದ ನೆಪ ಹೇಳಿ ಸಾರಿಗಾಗಿ ಬರುವವರೂ ಇದ್ದರು. ದೇವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಅಂಥವನು ಕೆಟ್ಟ ಜ್ವರ ಬಂದು ಹಾಸಿಗೆ ಹಿಡಿದ. ವೈದ್ಯ ಬಂದು ನಾಡಿ ನೋಡಿದ. ಔಷಧಿ ಇದೆ, ಜೀವ ಉಳಿಯುತ್ತದೆ, ಆದರೆ ನಾಲಗೆಯ ರುಚಿ ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂದ.

ಇಂಥ ಔಷಧಿ ಕೊಡುವ ಮೊದಲು ಒಂದು ಪ್ರಶ್ನೆ ಕೇಳುವುದು ಆ ವೈದ್ಯನ ಪದ್ಧತಿ. ಪಡಸಾಲೆಯಲ್ಲಿ ಸೇರಿದ್ದವರನ್ನು ಅದನ್ನೇ ಕೇಳಿದ.

“ಇಲ್ಲಿ ರುಚಿ ಇಲ್ಲದ ಹತ್ತು ವರ್ಷ ಇದೆ ಅಂದುಕೊಳ್ಳಿ. ರುಚಿ ಇರೋ ಎಷ್ಟು ವರ್ಷ ಕೊಟ್ಟರೆ ಈ ಹತ್ತನ್ನ ಬಿಟ್ಟುಕೊಡ್ತೀರಿ?”

ಒಬ್ಬ ವ್ಯಾಪಾರಿ ಒಂದು ವರ್ಷ ಸಾಕು ಎಂದ. ಅವನಿಗೆ ಹೋಳಿಗೆ ಎಂದರೆ ಪ್ರಾಣ. ಅರ್ಚಕ ಎರಡು ಎಂದ. ಅಡುಗೆಯವನ ಮಗ ಕಣ್ಣೊರೆಸಿಕೊಂಡು, ನಾಲಗೆಯೇ ಹೋದ ಮೇಲೆ ಅಪ್ಪನಿಗೆ ಒಂದು ದಿನದ ಬದುಕೂ ದಂಡ ಎಂದ. ಎಲ್ಲರೂ ಅಡುಗೆಯವನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ವೈದ್ಯನೂ ಊಟವನ್ನು ಬಲು ಇಷ್ಟಪಡುವವನು, ಅವನಿಗೂ ಅದು ಸರಿ ಎನ್ನಿಸಿತು. ಔಷಧಿಯ ಚೀಲ ಕಟ್ಟಿದ.

ಆಗ ಒಳಕೋಣೆಯಿಂದ ಅಡುಗೆಯವನ ದನಿ ಬಂತು. “ನನ್ನ ವರ್ಷಗಳನ್ನ ನೀವೇ ಬಡಿಸಿ ಮುಗಿಸಿದ್ರಾ? ವೈದ್ಯರೇ, ಆ ಔಷಧಿಗೆ ಕಿವಿ ಹೋಗುತ್ತಾ?”

“ಕಿವಿಗೇನೂ ಆಗಲ್ಲ.”

“ಮತ್ಯಾಕೆ ಚೀಲ ಕಟ್ಟಿದ್ರಿ? ನೈವೇದ್ಯದ ಅಡುಗೇನ ಯಾರಾದ್ರೂ ಬಾಯಿಗೆ ಹಾಕ್ಕೊಂಡು ನೋಡ್ತಾರಾ? ದೇವರ ಮುಂದೆ ಇಡೋ ತನಕ ಒಂದು ತೊಟ್ಟು ಸಾರನ್ನೂ ನಾಲಗೆಗೆ ತಾಗಿಸಿದವನಲ್ಲ ನಾನು. ಪಂಕ್ತೀಲಿ ಕೂತವರು ಇನ್ನೊಂದು ಸೌಟು ಹಾಕಿ ಅಂದಾಗಲೇ ಸಾರು ಚೆನ್ನಾಗಿದೆ ಅಂತ ನಂಗೆ ಗೊತ್ತಾಗೋದು. ಅದು ಕೇಳಿಸಿದ್ರೆ ಸಾಕು. ರುಚಿ ಇರೋ ಒಂಬತ್ತು ವರ್ಷ ಕೊಡೋ ಹಾಗಿದ್ರೆ ಈ ಹತ್ತನ್ನ ಬಿಡ್ತೀನಿ, ಕಳ್ಕೊಳ್ಳೋ ಆ ಒಂದು ವರ್ಷ ನಮ್ಮವಳ ಉಪ್ಪಿನಕಾಯಿಗೋಸ್ಕರ. ಅದಕ್ಕಿಂತ ಒಂದು ದಿನ ಕಡಿಮೆಯಾದರೂ ಒಪ್ಪಲ್ಲ. ಅಷ್ಟು ಕೊಡೋಕೆ ಆಗದಿದ್ರೆ ಔಷಧಿ ತೆಗೀರಿ.”

ವೈದ್ಯ ನಾಚಿಕೊಂಡು ಚೀಲ ಬಿಚ್ಚಿದ. ಅಡುಗೆಯವ ಎದ್ದು ಓಡಾಡಿದ, ಮತ್ತೆ ಸೌಟು ಹಿಡಿದ. ಮನೆಯಲ್ಲಿ ಉಪ್ಪು ಹೆಚ್ಚಾಯಿತು, ಹುಳಿ ಸಾಲದು ಎಂದು ಗೊಣಗುವುದು ನಿಂತದ್ದರಿಂದ ಅವನ ಹೆಂಡತಿಗೂ ನೆಮ್ಮದಿಯಾಯಿತು.

ಚನ್ನವೀರ ನಕ್ಕುಬಿಟ್ಟ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು. ಅಕ್ಕ ಹಾಡದಿದ್ದರೂ ಚಿಂತೆಯಿಲ್ಲ, ಕಣ್ಣಮುಂದೆ ಇದ್ದರೆ ಸಾಕು ಎಂದು ಅವನಿಗೆ ಒಳಗೊಳಗೇ ಅನ್ನಿಸಿತ್ತು, ಅಣ್ಣಂದಿರ ಎದುರು ಬಾಯಿ ಬಂದಿರಲಿಲ್ಲ. ಈಗ ಧೈರ್ಯ ಬಂತು.

“ಹಾಗಾದ್ರೆ ಆಪರೇಷನ್ ಮಾಡಿ ಅಂತ ಈಗಲೇ ಹೋಗಿ ಡಾಕ್ಟರಿಗೆ ಹೇಳ್ತೀನಿ ಬುದ್ಧಿ” ಎಂದು ಕಾಲಿಗೆ ಎರಗಿ ಎದ್ದು ನಿಂತ.

ಸ್ವಾಮಿಗಳು ಕೇಳಿದರು, “ನಿಮ್ಮಕ್ಕನಿಗೆ ಇವತ್ತಿನ್ನೂ ದನಿ ಇದೆಯಲ್ಲಪ್ಪ, ಅವಳನ್ನ ಕೇಳಿದೆಯಾ?”