ಒಂದು ಎತ್ತು ಕಡಿಮೆ

ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯ ಮಹಾಂತ ಒಂದು ಸಂಜೆ ಗುರುಗಳ ಬಳಿ ಬಂದು ಕೇಳಿದ: "ಅಜ್ಜಾರೇ, ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದು ಲೆಕ್ಕ ಕಲಿಸಲು ಮಕ್ಕಳ ಕೈಗೆ ಮಣ್ಣು ಕೊಟ್ಟೆ. ಎಲ್ಲರೂ ಎತ್ತು ಮಾಡಿ ಎಣಿಸಿದರು. ಒಬ್ಬ ಹುಡುಗ ಮಾತ್ರ ಎಷ್ಟು ಸಲ ಕೇಳಿದರೂ ಎಣಿಕೆ ತಪ್ಪು ಹೇಳಿದ. ಅವನು ಮಾಡಿದ್ದನ್ನು ಕಸಿದು, ಮುದ್ದೆ ಮಾಡಿ ಬುಟ್ಟಿಗೆ ಹಾಕಿ, ಮಗ್ಗಿ ಬರೆಯಲು ಪಾಟಿ ಕೊಟ್ಟು ಮೂಲೆಯಲ್ಲಿ ಕೂರಿಸಿದೆ. ಲೆಕ್ಕ ಬಾರದವನಿಗೆ ಮಣ್ಣಿನ ಆಟ ಬೇಕೇ?"

ಗುರುಗಳು ನಕ್ಕರು. "ಪಾಪ, ನಿನಗೂ ಸಾಕಾಗಿದೆ. ಕೂತುಕೋ" ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಒಳ್ಳೆಯವರು, ಆದರೆ ಅವಸರದವರು. ಅವರೂ ನಿನ್ನ ಹಾಗೆಯೇ ಅಮಾವಾಸ್ಯೆಯ ದಿನ ತರಗತಿಗೆ ಕರಿಮಣ್ಣು ತಂದರು. ಹತ್ತು ಮಕ್ಕಳು, ಎಲ್ಲರೂ ಒಕ್ಕಲುತನದ ಮನೆಯವರು. "ನಿಮ್ಮ ನಿಮ್ಮ ಮನೆಯ ಎತ್ತು ಮಾಡಿ" ಎಂದರು. ಪೂಜೆಗೆ ಜೋಡಿ ಎತ್ತು ಮಾಡುವುದು ಎಲ್ಲ ಮನೆಯ ಪದ್ಧತಿ. ಹಾಗಾಗಿ ಮಕ್ಕಳು ಮಾಡಿ ಮುಗಿಸುವ ಮೊದಲೇ ಮೇಷ್ಟ್ರು ಹಲಗೆಯ ಮೇಲೆ ಇಪ್ಪತ್ತು ಎಂದು ಬರೆದು, ಅದನ್ನು ಕೈಯಿಂದ ಮುಚ್ಚಿ ನಿಂತರು.

"ಒಟ್ಟು ಎತ್ತು ಎಷ್ಟು?"

ಎಲ್ಲರೂ ಇಪ್ಪತ್ತು ಎಂದು ಕೂಗಿದರು. ಒಬ್ಬ ಹುಡುಗಿ ಮಾತ್ರ ಹತ್ತೊಂಬತ್ತು ಎಂದಳು. ಮೇಷ್ಟ್ರು ಅವಳಿಂದ ಎರಡರ ಮಗ್ಗಿ ಹೇಳಿಸಿದರು. ಎಲ್ಲೂ ತಡವರಿಸದೆ ಹೇಳಿದಳು. ಮತ್ತೆ ಕೇಳಿದರೆ ಮತ್ತೆ ಹತ್ತೊಂಬತ್ತು. ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ಹಾಗಾದರೆ ಒಂದನೇ ತರಗತಿಗೆ ಹೋಗಿ ಕೂರು" ಎಂದರು.

ಹುಡುಗಿ ಎದ್ದಳು. ತಾನು ಮಾಡಿದ್ದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಮೇಷ್ಟ್ರು ಆಗ ನೋಡಿದರು. ಅವಳ ಕೈಯಲ್ಲಿದ್ದದ್ದು ಒಂದೇ ಎತ್ತು.

"ಇದರ ಜೋಡಿ ಎಲ್ಲೈತವ್ವ?"

"ನಮ್ಮನ್ಯಾಗ ಈಗ ಒಂದ ಐತ್ರಿ ಸರ. ಇನ್ನೊಂದು ಮೊನ್ನೆ ಸತ್ತೋತು."

"ಮೊದಲ ಯಾಕ ಹೇಳಲಿಲ್ಲ?"

"ನೀವು ಎಷ್ಟು ಅಂತ ಅಷ್ಟ ಕೇಳಿದ್ರಿ."

ಮೇಷ್ಟ್ರು ಹಲಗೆಯ ಮೇಲಿನ ಇಪ್ಪತ್ತನ್ನು ಅಳಿಸಿ ಹತ್ತೊಂಬತ್ತು ಬರೆದರು. ಅವಳನ್ನು ಕರೆದು ಮತ್ತೆ ಅವಳ ಜಾಗದಲ್ಲೇ ಕೂರಿಸಿದರು. ಆಮೇಲೆ ತಾವೂ ಒಂದು ಹಿಡಿ ಮಣ್ಣು ತೆಗೆದುಕೊಂಡು ಪಕ್ಕದಲ್ಲಿ ಕೂತು, "ಸತ್ತದ್ದರ ಕೋಡು ಹೆಂಗಿದ್ದುವವ್ವ, ಹೇಳು" ಎಂದರು. ಹುಡುಗಿ ಅಳುತ್ತಲೇ ಹೇಳಿದಳು. ಅವಳು ಹೇಳಿದ ಹಾಗೆ ಮೇಷ್ಟ್ರು ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಮಹಾಂತ ಕಣ್ಣು ಒರೆಸಿಕೊಂಡ. "ಆ ಹುಡುಗಿಯ ಮಾತು ಬೇರೆ ಅಜ್ಜಾರೇ. ನಮ್ಮ ಹುಡುಗನಿಗೆ ನಿಜವಾಗಿಯೂ ಲೆಕ್ಕ ಬರುವುದಿಲ್ಲ" ಎಂದ.

"ಇರಬಹುದಪ್ಪ" ಎಂದರು ಗುರುಗಳು. "ನೀನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದೆಯಲ್ಲ, ಆ ಮಣ್ಣಿನಲ್ಲಿ ಹುಡುಗ ಏನು ಮಾಡಿದ್ದ?"