ಸುಣ್ಣದವನ ಮಗಳೂ ರಾಜನ ಮೀಸೆಯೂ

ಕಾಲು ಒಳಗೆ ಎಳ್ಕೊಂಡು, ಕಂಬಳಿ ಹೊದ್ಕೊಂಡು ಕೇಳು ಪುಟ್ಟಕ್ಕ. ಈ ಕತೇಲಿ ಒಬ್ಬ ರಾಜ ಬರ್ತಾನಲ್ಲ, ಅವನ ಮುಖಕ್ಕೆ ಮೀಸೆ ಬರೆದದ್ದು ಬೇರೆ ಯಾರೂ ಅಲ್ಲ, ನಿನ್ನ ಈ ಮಾವನೇ. ಹಾಗೆ ಬಾಯಿ ಬಿಡಬೇಡ, ಸುಳ್ಳು. ನಾನು ಮೀಸೆ ಬರೆದದ್ದು ಮದುವೆಮನೇಲಿ ಗೊರಕೆ ಹೊಡೀತಿದ್ದ ನಿಮ್ಮಪ್ಪನಿಗೆ, ಅದೂ ಇದ್ದಿಲಲ್ಲಿ. ರಾಜನ ಕತೆ ನಮ್ಮಜ್ಜಿ ಹೇಳಿದ್ದು. ಅವಳು ಹೇಳಿದ್ದಕ್ಕೆ ನಾನು ಒಂಚೂರು ಉಪ್ಪು ಖಾರ ಹಾಕ್ತೀನಿ, ಅಷ್ಟೆ.

ಒಂದಾನೊಂದು ಕಾಲದಲ್ಲಿ, ಅಂದ್ರೆ ಕನ್ನಡಿ ಅನ್ನೋದು ಅರಮನೇಲಿ ಮಾತ್ರ ಇದ್ದು ಮಿಕ್ಕವರೆಲ್ಲ ಬಾವಿನೀರಲ್ಲಿ ಮುಖ ನೋಡ್ಕೊಳ್ತಿದ್ದ ಕಾಲದಲ್ಲಿ, ಸುಣ್ಣದ ಗಿರಿಯಣ್ಣ ಅಂತ ಒಬ್ಬ ಇದ್ದನಂತೆ. ಊರಿನ ಗೋಡೆಗಳಿಗೆಲ್ಲ ಸುಣ್ಣ ಬಳಿಯೋದು ಅವನ ಕಸುಬು. ಅವನಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡವಳು ಸುಣ್ಣ ಕಲಸೋಳು, ನಡುವಿನೋಳು ಏಣಿ ಹಿಡಿಯೋಳು, ಕಿರಿಯೋಳು ಸಾತಿ ಮಾತ್ರ ಗೋಡೆ ಬಿಟ್ಟು ಗೋಡೆ ಮುಂದೆ ಓಡಾಡೋರ ಮುಖಾನೇ ನೋಡ್ತಾ ನಿಲ್ಲೋಳಂತೆ. ಮಲಗಿದ್ದ ಅಕ್ಕನ ಹಣೆಗೆ ಬಳ್ಳಿ ಬರೆಯೋಳು, ಎಮ್ಮೆ ಕೊಂಬಿಗೆ ಹೂ ಬರೆಯೋಳು. ಒಂದಿನ ಅಪ್ಪನಿಗೆ ಹೇಳಿಯೇಬಿಟ್ಟಳಂತೆ, ನಾನು ಗೋಡೆಗೆ ಬಳಿಯಲ್ಲಪ್ಪ, ಮನುಷ್ಯರಿಗೆ ಬಣ್ಣ ಹಾಕೋಳಾಗ್ತೀನಿ ಅಂತ. ಗಿರಿಯಣ್ಣ ನಕ್ಕು, ಗೋಡೆ ಬೈಯಲ್ಲ ಮಗಳೇ, ಮನುಷ್ಯರು ಬೈತಾರೆ, ಹೋಗಿ ನೋಡ್ಕೊಂಡು ಬಾ ಅಂದನಂತೆ.

ಆಮೇಲೆ ಸಾತಿ ಬಣ್ಣದ ಚೌಡಜ್ಜಿ ಹತ್ತಿರ ಹೋದಳು. ಆ ಸೀಮೇಲಿ ಮದುವಣಗಿತ್ತಿಯ ಸಿಂಗಾರದಿಂದ ಹಿಡಿದು ಹಬ್ಬದ ವೇಷದವರೆಗೆ ಎಲ್ಲದಕ್ಕೂ ಚೌಡಜ್ಜಿಯ ಕೈಯೇ ಆಗಬೇಕಿತ್ತಂತೆ. ಈಗ ಆ ಕೈ ನಡುಗ್ತಿತ್ತು, ಕಣ್ಣೂ ಮಂಜಾಗಿತ್ತು. ಅವಳ ಹತ್ತಿರ ಹಲಸಿನ ಮರದ ಒಂದು ಬಣ್ಣದ ಪೆಟ್ಟಿಗೆ. ಅಜ್ಜಿ ಸಾತಿಯನ್ನ ಮೇಲಿಂದ ಕೆಳಗೆ ನೋಡಿ, ಮೂರು ಜನರನ್ನ ನಿನ್ನ ಕೈಗೆ ಕೊಡ್ತೀನಿ, ಒಬ್ಬರಾದ್ರೂ ನೆಟ್ಟಗೆ ಎದ್ದುಹೋದ್ರೆ ಪೆಟ್ಟಿಗೆ ನಿಂದು, ಇಲ್ಲದಿದ್ರೆ ನಿಮ್ಮಪ್ಪನ ಸುಣ್ಣದ ಗಡಿಗೆ ನಿಂದು ಅಂದಳಂತೆ.

ಮೊದಲನೇದು ಒಬ್ಬ ಮದುವಣಗಿತ್ತಿ. ಕೆನ್ನೆ ಕೆಂಪಗೆ ಕಾಣಬೇಕು ಅಂತ ಹುಡುಗಿ ಆಸೆಪಟ್ಟಳು. ಸಾತಿ ಯಾರ ಮಗಳು? ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗತ್ತೆ ಅನ್ನೋದು ಅವಳಿಗೆ ಹುಟ್ಟಿದಾಗಿಂದ ಗೊತ್ತು. ಇನ್ನೂ ಕೆಂಪಾಗಲಿ ಅಂತ ಗೋಡೆಗೆ ಹಾಕೋ ಲೆಕ್ಕದಲ್ಲಿ ಸುಣ್ಣ ಹಾಕಿ ಕೆನ್ನೆಗೆ ಬಳಿದಳಂತೆ. ಕೆಂಪೇನೋ ಬಂತು. ಧಾರೆ ಹೊತ್ತಿಗೆ ಕೆನ್ನೆಗಳು ಬೋಂಡದ ಹಾಗೆ ಊದಿಕೊಂಡು, ಮದುಮಗ ಅಂತರಪಟ ಸರಿಸಿ ನೋಡಿ, ಇದು ನಾನು ಒಪ್ಪಿದ ಹುಡುಗಿ ಅಲ್ಲ, ಇವಳ ಚಿಕ್ಕಮ್ಮ ಅಂದನಂತೆ.

ಸಾತಿ ಅಳ್ತಾ ಬಂದಳು. ಚೌಡಜ್ಜಿ ಬೈಲಿಲ್ಲ. ಸೀರೆ ಸೆರಗು ಸರಿಸಿ ತನ್ನ ಎಡಗೈ ಮುಂದೆ ಚಾಚಿದಳು. ಮಣಿಕಟ್ಟಿಂದ ಮೊಣಕೈವರೆಗೆ ಚುಕ್ಕಿಯೋ ಚುಕ್ಕಿ, ಒಂದು ಸುಟ್ಟ ಗುರುತು, ಇನ್ನೊಂದು ಕಪ್ಪಗಾದದ್ದು, ಮತ್ತೊಂದು ಚರ್ಮ ಎದ್ದು ವಾಸಿಯಾದದ್ದು.

"ಇದೇ ಕಣೆ ನನ್ನ ಪಾಠಶಾಲೆ. ಮೊದಲ ಬೊಟ್ಟು ನಮ್ಮ ಕೈಗೆ, ಒಂದು ದಿನ ಕಾಯೋದು, ಆಮೇಲೆ ಊರ ಮುಖಕ್ಕೆ."

ಎರಡನೇದು ಒಬ್ಬ ಗರಡಿ ಪೈಲ್ವಾನ, ಹಬ್ಬಕ್ಕೆ ಹುಲಿವೇಷ ಹಾಕ್ತೀನಿ ಅಂತ ಹರಕೆ ಹೊತ್ತವನು. ಈ ಸಲ ಸಾತಿ, ಹುಡುಗಿಯ ಕೆನ್ನೆ ಸುಟ್ಟ ಆ ಸುಣ್ಣದಿಂದ ಹಿಡಿದು ಬಣ್ಣವನ್ನೆಲ್ಲ ತನ್ನ ಎಡಗೈಗೆ ಹಚ್ಚಿ, ಒಂದು ದಿನ ಕಾದು ನೋಡಿದಳು. ಸುಣ್ಣ ಬಿದ್ದಲ್ಲಿ ಸುಟ್ಟ ಗುರುತಾಯ್ತು, ಮಿಕ್ಕ ಬಣ್ಣ ಏನೂ ಮಾಡಲಿಲ್ಲ. ಆಮೇಲೆ ಅವನನ್ನ ಕಂಬದ ಹಾಗೆ ನಿಲ್ಲಿಸಿ, ಕೈ ಕೆಳಗೆ ಬಿಡಿಸಿ, ಉಸಿರು ಬಿಗಿ ಹಿಡೀರಿ ಅಂತ ಹೇಳಿ, ಮೇಲಿಂದ ಕೆಳಗೆ ಹಳದಿ ಬಳಿದು ಕಪ್ಪು ಪಟ್ಟೆ ಎಳೆದಳಂತೆ. ಎಂಥಾ ಹುಲಿ ಅಂತೀಯ, ದಾರೀಲಿದ್ದ ದನಗಳು ಹಗ್ಗ ಕಿತ್ಕೊಂಡು ಓಡಿದವಂತೆ. ದನ ಓಡಿದ್ದು ನಾನು ಸೇರಿಸಿದ್ದು, ಹುಲಿ ಚೆನ್ನಾಗಿತ್ತು ಅನ್ನೋದು ನಿಜ. ತಮಟೆ ಬಡೀತು, ಹುಲಿ ಎರಡೂ ಕೈ ಎತ್ತಿ ಗರ್ಜಿಸ್ತು. ಕಂಕುಳಲ್ಲಿ ಬಣ್ಣವೇ ಇಲ್ಲ, ಪಕ್ಕೆಯ ಪಟ್ಟೆಗಳೆಲ್ಲ ಅರ್ಧಕ್ಕೆ ನಿಂತಿವೆ. ಹುಲಿಯ ಅಂಗಿ ಹರಿದಿದೆ, ಹೊಲಿಸ್ಕೊಡ್ರೋ ಅಂತ ಊರೇ ನಕ್ಕಿತಂತೆ. ಪೈಲ್ವಾನ ನಾಚಿ, ಹಬ್ಬ ಮುಗಿಯೋತನಕ ಕೈ ಕಟ್ಕೊಂಡೇ ಕುಣಿದನಂತೆ.

ಚೌಡಜ್ಜಿ ಅವತ್ತೂ ಬೈಲಿಲ್ಲ. ನೀನು ಇನ್ನೂ ಗೋಡೆಗೇ ಬಳೀತಿದ್ದೀಯಲ್ಲೇ ಮಗ, ಗೋಡೆ ನಿಂತಲ್ಲೇ ನಿಲ್ಲತ್ತೆ, ಮೈ ನಿಲ್ಲಲ್ಲ, ಮೊದಲು ಕುಣಿಸಿ ನೋಡು, ಆಮೇಲೆ ಕುಂಚ ಹಿಡಿ ಅಂದಳಂತೆ.

ಉಳಿದದ್ದು ಒಂದೇ. ಆ ಒಂದು ಯಾರು ಗೊತ್ತಾ? ರಾಜ.

ಆ ರಾಜನಿಗೆ ಮೊಳದುದ್ದದ ಮೀಸೆ. ಜನ ತನ್ನ ಬಗ್ಗೆ ಏನಂತಾರೆ ಅಂತ ಮಾರುವೇಷದಲ್ಲಿ ಕೇಳಿಬರೋ ಆಸೆ ಅವನಿಗೆ. ಒಬ್ಬ ಬಣ್ಣಗಾರ ಅವನನ್ನ ಬುಡುಬುಡಿಕೆಯವನ ಮಾಡಿ ಕಳಿಸಿದ, ಬೀದಿ ತಿರುಗೋ ಮೊದಲೇ ಮಕ್ಕಳು ರಾಜ ಬಂದ ರಾಜ ಬಂದ ಅಂತ ಹಿಂದೆ ಬಿದ್ದವು. ಇನ್ನೊಬ್ಬ ಬಳೆಗಾರನ ಮಾಡಿದ, ಬಳೆ ತೊಡೋಕೆ ಬಂದ ಮುದುಕಿಯೇ ಅಡ್ಡಬಿದ್ದಳು. ಇಬ್ಬರು ಬಣ್ಣಗಾರರನ್ನೂ ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ ಊರಾಚೆ ಅಟ್ಟಿದರಂತೆ. ಆಮೇಲೆ ಚೌಡಜ್ಜಿಗೆ ಕರೆ ಬಂತು. ಅಜ್ಜಿ ತನ್ನ ನಡುಗೋ ಕೈ ನೋಡ್ಕೊಂಡು ಸಾತಿಯನ್ನ ಕಳಿಸಿದಳು.

ಸಾತಿಗೆ ಕತ್ತೆಯ ಭಯ ಇರಲಿಲ್ಲ, ಪೆಟ್ಟಿಗೆ ಹೋಗತ್ತಲ್ಲ ಅನ್ನೋದೊಂದೇ ಭಯ. ಮೀಸೆ ಮುಚ್ಚೋ ಹಾಗೆ ಸುಳ್ಳು ಗಡ್ಡ ಅಂಟಿಸೋಣ ಅಂತ ಹಲಸಿನ ಮೇಣ ತಂದು ಮೊದಲು ತನ್ನ ಕೈಗೆ ಹಚ್ಚಿದಳು. ಮಾರನೇ ದಿನಕ್ಕೆ ಕೈ ತುಂಬಾ ಬೊಬ್ಬೆ. ಅದನ್ನ ರಾಜನ ಗಲ್ಲಕ್ಕೆ ಹಚ್ಚಿದ್ರೆ ಅಲ್ಲಿಗೇ ಕತೆ ಮುಗೀತಿತ್ತು, ನಾನೂ ಹೋಗಿ ಮಲಗಬಹುದಿತ್ತು. ಗಡ್ಡದ ಆಸೆ ಬಿಟ್ಟಳು. ಆಮೇಲೆ ರಾಜನನ್ನ ಒಬ್ಬನೇ ಒಂದು ಕೋಣೇಲಿ ನಿಲ್ಲಿಸಿ, ನಡೀರಿ, ನಗಿ, ಸಿಟ್ಟಾಗಿ, ಬೇಡಿ ಅಂತ ಕುಣಿಸಿ ನೋಡಿದಳಂತೆ. ಏನು ಮಾಡಿದ್ರೂ ರಾಜನ ಬಲಗೈ ಮೀಸೆಗೆ ಹೋಗತ್ತೆ, ಹುರಿ ಮಾಡತ್ತೆ. ಭಿಕ್ಷೆ ಬೇಡಿ ಅಂದ್ರೂ ಒಂದು ಕೈ ಚಾಚಿ ಇನ್ನೊಂದರಲ್ಲಿ ಮೀಸೆ ತಿರುವ್ತಾನೆ. ಸಾತಿಗೆ ಗೊತ್ತಾಯ್ತು, ಇದಕ್ಕೆ ಬಣ್ಣ ಸಾಲದು, ಕತ್ತಿ ಬೇಕು.

ಮೀಸೆ ತೆಗೀಬೇಕು ಸ್ವಾಮಿ ಅಂದಳು. ರಾಜನ ಕಣ್ಣು ಬೆಂಕಿಯಾಯ್ತು, ಆಮೇಲೆ ತಣ್ಣಗಾಯ್ತು, ಕೇಳೋ ಆಸೆ ದೊಡ್ಡದು ನೋಡು. ಬಾಗಿಲು ಹಾಕಿಕೊಂಡು, ಮಂತ್ರಿಗೂ ರಾಣಿಗೂ ತಿಳಿಯದ ಹಾಗೆ ಮೀಸೆ ಬೋಳಿಸಿದಳು. ಮುಖಕ್ಕೆ ಕೆಮ್ಮಣ್ಣು ತಿಕ್ಕಿ, ಸುಣ್ಣದ ಹನಿ ಚಿಮುಕಿಸಿ, ಹಿತ್ತಲ ಬಾಗಿಲಿಂದ ಕರ್ಕೊಂಡು ಹೋಗಿ ಅಪ್ಪನ ಹತ್ತಿರ ಕೂಲಿಗೆ ಬಿಟ್ಟಳಂತೆ.

ಗಿರಿಯಣ್ಣ ದಿನವೆಲ್ಲ ಅವನನ್ನ ಏಣಿ ಹತ್ತಿಸಿ ಇಳಿಸಿ, ಕುಂಚ ಹಿಡಿಯೋಕೆ ಬರಲ್ವೇನೋ ಮೂದೇವಿ ಅಂತ ಬೈದನಂತೆ. ರಾಜ ಬೆವರು ಒರೆಸ್ಕೊಳ್ತಾ, ಅಣ್ಣಾ, ನಮ್ಮ ರಾಜ ಹೇಗೆ ಅಂತ ಕೇಳಿದ.

"ರಾಜನ್ನ ಯಾರಪ್ಪ ಕಂಡಿದ್ದಾರೆ? ನಾವು ಕಂಡಿದ್ದು ಮೀಸೇನ. ಅದರ ಹಿಂದೆ ಯಾರಾದ್ರೂ ಇದ್ದಾರೋ ಇಲ್ವೋ."

ರಾಜನಿಗೆ ಮುಖಕ್ಕೆ ಹೊಡೆದ ಹಾಗಾಯ್ತು. ಸಂಜೆ ಅರಮನೆ ಬಾಗಿಲಿಗೆ ಬಂದು, ಬಿಡ್ರೋ, ನಾನು ರಾಜ ಅಂದ. ಕಾವಲುಗಾರ, ನಾನು ರಾಜನ ಚಿಕ್ಕಪ್ಪ, ಆಚೆ ಹೋಗು ಅಂದ. ಮಂತ್ರಿ ಬಂದು ನೋಡಿದ, ಗುರುತು ಸಿಗಲಿಲ್ಲ. ರಾಣಿ ಉಪ್ಪರಿಗೆಯಿಂದ ಬಗ್ಗಿ, ಪಾಪ, ತಲೆ ಕೆಟ್ಟಿರಬೇಕು, ಎರಡು ಮುದ್ದೆ ಕೊಟ್ಟು ಕಳಿಸಿ ಅಂದಳಂತೆ. ರಾಜ ಕೈ ಮೇಲೆತ್ತಿದ, ತಿರುವೋಕೆ ಅಲ್ಲಿ ಏನೂ ಇಲ್ಲ. ಮುದ್ದೆ ಹಿಡ್ಕೊಂಡು ಗಿರಿಯಣ್ಣನ ಗುಡಿಸಲಿಗೆ ಓಡಿಬಂದು ಸಾತಿ ಮುಂದೆ ನಿಂತ. ನನ್ನನ್ನ ಅಳಿಸಿಬಿಟ್ಟೆಯಲ್ಲೇ ತಾಯಿ ಅಂದನಂತೆ.

ಗಿರಿಯಣ್ಣನ ಕೈಯಿಂದ ಕುಂಚ ಬಿತ್ತು. ಸಾತಿ ಮಾತ್ರ ಹೆದರಲಿಲ್ಲ. ಅಳಿಸಿದವಳಿಗೆ ಬರೆಯೋಕೂ ಬರತ್ತೆ ಸ್ವಾಮಿ, ಕೂತ್ಕೊಳ್ಳಿ ಅಂದಳು. ಮುಖ ತೊಳೆಸಿ, ಮಡಕೆ ತಳದ ಮಸಿ ಕೆರೆದು, ಹರಳೆಣ್ಣೆ ಹಾಕಿ ಕಲಸಿದಳು. ಆ ಆತುರದಲ್ಲೂ, ಒಂದಿನ ಕಾಯೋಕೆ ಆಗದಿದ್ರೂ, ಮೊದಲ ಬೊಟ್ಟು ತನ್ನ ಕೈಗೇ ಇಟ್ಟು ಉರಿಯುತ್ತಾ ಅಂತ ನೋಡಿದಳು. ಆಮೇಲೆ ಒಂದ್ಸಲ ನಗಿ ಅಂದಳು. ರಾಜ ಅತ್ತ. ಸರಿ, ಅದನ್ನೂ ನೋಡ್ಕೊಂಡೆ, ಈಗ ನಗಿ ಅಂದಳು. ರಾಜ ನಕ್ಕ. ಅತ್ತರೂ ನಕ್ಕರೂ ಗದರಿದ್ರೂ ಕೆನ್ನೆಯ ಜೊತೆ ತಾನೂ ಆಡೋ ಹಾಗೆ, ಒಂದೊಂದೇ ಕೂದಲು ಎಳೆದು ಮೀಸೆ ಬರೆದಳು ನೋಡು, ಬರೀ ಮಸಿಯಲ್ಲಿ ಒಬ್ಬ ರಾಜ ಎದ್ದು ಕೂತ. ಅಭ್ಯಾಸಬಲ, ರಾಜನ ಕೈ ಮೇಲೆ ಬಂತು. ಸಾತಿ ಪಟ್ಟನೆ ಆ ಕೈ ಮೇಲೆ ಹೊಡೆದಳಂತೆ.

"ಇದು ತಿರುವೋ ಮೀಸೆ ಅಲ್ಲ ಸ್ವಾಮಿ, ತೋರಿಸೋ ಮೀಸೆ. ಮುಟ್ಟಿದ್ರೆ ಮತ್ತೆ ಮುದ್ದೆ ಇಸ್ಕೊಂಡು ಬರ್ತೀರಿ."

ರಾಜ ಅರಮನೆಗೆ ವಾಪಸ್ ಹೋದಾಗ ಬಾಗಿಲಲ್ಲಿ ಅದೇ ಕಾವಲುಗಾರ ಉದ್ದಂಡ ಅಡ್ಡಬಿದ್ದ. ರಾಜ ಅವನನ್ನ ಎತ್ತಿ ನಿಲ್ಲಿಸಿ, ಹೇಗಿದ್ದೀಯ ಚಿಕ್ಕಪ್ಪ ಅಂದನಂತೆ.

ಆಮೇಲೆ ಮೀಸೆ ಬೆಳೆಯೋತನಕ ದಿನಾ ಬೆಳಗ್ಗೆ ಸಾತಿ ಅರಮನೆಗೆ ಹೋಗಿ ಮೀಸೆ ಬರೆಯೋಳು. ಬರೆಯೋಕೆ ಮುಂಚಿನ ಆ ಒಂದು ಗಳಿಗೆ, ಬೋಳು ಮುಖದಲ್ಲಿ, ಊರಲ್ಲಿ ಯಾರಿಗೆ ಏನು ಕಷ್ಟ ಅಂತ ರಾಜ ಅವಳನ್ನ ಕೇಳೋನಂತೆ. ಮೀಸೆ ಬೆಳೆದ ಮೇಲೂ ಕೇಳೋದು ಬಿಡಲಿಲ್ಲ. ಊದಿದ ಕೆನ್ನೆಯ ಹುಡುಗಿ ತನ್ನ ತಂಗಿಯ ಮದುವೆಗೆ ಸಾತಿಯನ್ನೇ ಕರೆದಳು. ಪೈಲ್ವಾನ ಮುಂದಿನ ಹಬ್ಬಕ್ಕೆ ಕೈ ಎತ್ತಿಕೊಂಡೇ ಬಂದು ಮುಂದೆ ನಿಂತ. ಚೌಡಜ್ಜಿ ಪೆಟ್ಟಿಗೆ ಕೊಡೋಕೆ ಮುಂಚೆ, ಕಣ್ಣು ಕಾಣ್ತಿರಲಿಲ್ಲ ನೋಡು, ಸಾತಿಯ ಎಡಗೈಯನ್ನ ಬೆರಳಲ್ಲಿ ತಡವಿದಳಂತೆ. ಸುಣ್ಣದ್ದೊಂದು, ಮೇಣದ್ದೊಂದು, ಗುರುತುಗಳು ಒಂದೊಂದಾಗಿ ಸಿಕ್ಕವು. ಸಾಕು, ಬಣ್ಣದೋಳ ಕೈಯೇ ಇದು ಅಂದಳಂತೆ.

ಅವರ ಬಣ್ಣ ಒಣಗಿತು, ನಮ್ಮ ಕತೆಯೂ ಅಲ್ಲಿಗೆ ಮುಗೀತು. ನಿದ್ದೆ ಬಂತಾ ಪುಟ್ಟಕ್ಕ? ಬಂದಿದ್ರೆ ಮಲಗು, ಆದ್ರೆ ಒಂದು ಕೆಲಸ ಬಾಕಿ ಇದೆ. ಇಷ್ಟೊತ್ತು ಸುಳ್ಳು ಹೇಳಿ ಗಂಟಲು ಒಣಗಿದೆ, ಬೆಳಗ್ಗೆ ಶೆಟ್ಟರ ಹೋಟೆಲ್ಲಲ್ಲಿ ಮಾವನಿಗೊಂದು ಟೀ, ನಿನ್ನ ಹುಂಡಿಯಿಂದ. ನಿಮ್ಮಪ್ಪನ್ನ ಕೇಳಬೇಡ, ಅವನಿಗೆ ಆ ಇದ್ದಿಲ ಮೀಸೆಯ ಸಿಟ್ಟು ಇನ್ನೂ ಇಳಿದಿಲ್ಲ.